ಹತ್ತನೆಯ ಹುಡುಗಿಗಾಗಿ ಬಸ್ಸು ಹತ್ತಿದ ಮೇಡಂ

ಅವರ ಬಲಗೈ ಹೆಬ್ಬೆರಳಿಗೆ ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. ದಿನಕ್ಕೆ ನೂರು ಸಲ ಮೊಹರು ಒತ್ತಿ ಒತ್ತಿ ಶಾಯಿ ಉಗುರಿನ ಸಂದಿಗೆ ಇಳಿದುಬಿಟ್ಟಿತ್ತು. ಸೋಪು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಆ ಬೆರಳನ್ನು ನನ್ನ ಅಂಕಪಟ್ಟಿಯ ಒಂದೊಂದು ಸಾಲಿನ ಮೇಲೂ ಓಡಿಸುತ್ತಾ ಅವರು ತುಟಿಯಲ್ಲೇ ಓದಿಕೊಳ್ಳುತ್ತಿದ್ದುದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ತರೀಕೆರೆಯಲ್ಲಿ ನಾನು ಓದಿದ ಕಾಲೇಜಿನಲ್ಲಿ ಅಡ್ಮಿಷನ್ ಕೆಲಸ ನೋಡಿಕೊಳ್ಳುತ್ತಿದ್ದವರು ಅವರು. ಎಲ್ಲರಿಗೂ ಆಫೀಸ್ ಮೇಡಂ. ಹುಟ್ಟಿ ಬೆಳೆದದ್ದು ತರೀಕೆರೆಯಲ್ಲೇ. ಮದುವೆಯಾಗಿರಲಿಲ್ಲ, ವಯಸ್ಸಾದ ತಾಯಿಯ ಜೊತೆ ಪೇಟೆಯ ಹಿಂದಿನ ಬೀದಿಯಲ್ಲಿದ್ದರು. ಮಧ್ಯಾಹ್ನ ಒಂದು ಗಂಟೆಗೆ ತಾಯಿಯ ಫೋನು ಬರುತ್ತಿತ್ತು. "ಹೌ ಅಮ್ಮೀ, ಹೌ" ಎಂದು ದಖನಿ ಉರ್ದುವಿನಲ್ಲಿ ಹೂಂಗುಟ್ಟುತ್ತಲೇ, ಕೌಂಟರಿನ ಮುಂದೆ ನಿಂತವರ ಜೊತೆ ಕನ್ನಡದಲ್ಲಿ ಜಗಳವನ್ನೂ ಮುಂದುವರಿಸುತ್ತಿದ್ದರು. ಫೈಲು ಸಿಗದಿದ್ದರೆ ತಪ್ಪಿಸಿಕೊಂಡ ಕರುವನ್ನು ಕರೆಯುವ ಹಾಗೆ, "ಎಲ್ಲಿದ್ಯಪ್ಪಾ, ಬಾರಪ್ಪಾ" ಎಂದು ಬೀರುವಿನ ಮುಂದೆ ಓಡಾಡುವರು. ಸಿಕ್ಕಿದ ಮೇಲೆ ಅದರ ಬೆನ್ನಿಗೊಂದು ಪೆಟ್ಟು. ನಮ್ಮ ಹೆಸರುಗಳನ್ನು ಅವರು ಬಳಸಿದ್ದೇ ಇಲ್ಲ. ಯಾವ ಊರಿನ ಬಸ್ಸಿಗೆ ಬರುತ್ತಿದ್ದೆವೋ ಅದೇ ನಮ್ಮ ಹೆಸರು. "ಏಯ್ ಲಿಂಗದಹಳ್ಳಿ, ಫೋಟೋ ಎಲ್ಲೋ?" "ಬೀರೂರು, ನಿಮ್ಮಪ್ಪನ ಸೈನೇ ಇಲ್ವಲ್ಲೇ!"

ನಾನು 'ಅಜ್ಜಂಪುರ' ಆದದ್ದು ನಾಲ್ಕೈದು ವರ್ಷದ ಹಿಂದೆ. ನಮ್ಮಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಚಿತ್ರದುರ್ಗದ ಕಡೆಯಿಂದ ಅಜ್ಜಂಪುರಕ್ಕೆ ಅವರಿಗೆ ವರ್ಗವಾದಾಗ ನನ್ನ ಬಿ.ಎ. ಮೊದಲ ವರ್ಷ ಮುಗಿದಿತ್ತು. ನನಗೆ ಭೂಗೋಳವೆಂದರೆ ಪ್ರಾಣ. ಚಿಕ್ಕಂದಿನಿಂದ ಅಮ್ಮನ ವರ್ಗಾವಣೆಗಳ ಹಿಂದೆ ಊರೂರು ಸುತ್ತಿದವಳು. ಮುಂದಿನ ಊರನ್ನು ಮೊದಲು ನೋಡುತ್ತಿದ್ದುದೇ ನಕ್ಷೆಯಲ್ಲಿ. ಆ ವಿಷಯ ಮುಂದುವರಿಸಲು ದಾರಿಯಿದೆ ಎಂದು ತಿಳಿದು ತರೀಕೆರೆಯ ಬಸ್ಸು ಹತ್ತಿದೆ.

ಹಳೆಯ ಕಾಲೇಜು ಬೇರೆ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಹಾಗಾಗಿ ಟಿ.ಸಿ. ಒಂದೇ ಸಾಲದು, ಮೈಗ್ರೇಷನ್ ಸರ್ಟಿಫಿಕೇಟ್ ಬೇಕು, ಎನ್.ಒ.ಸಿ. ಬೇಕು. ಮೂರು ಸಲ ಅಜ್ಜಂಪುರಕ್ಕೂ ತರೀಕೆರೆಗೂ ಅಲೆದೆ. ಮೂರನೆಯ ಸಲ ಮೇಡಂ ಎಲ್ಲ ಕಾಗದಗಳನ್ನೂ ನೋಡಿ ಕನ್ನಡಕ ತೆಗೆದರು.

"ನಿನ್ ಕಾಗ್ದ ಎಲ್ಲಾ ಸರಿಯಿದೆ ಕಣೇ ಅಜ್ಜಂಪುರ. ಸರಿಯಿಲ್ದೇ ಇರೋದು ನಮ್ ಕ್ಲಾಸು."

ಮೂರನೇ ಸೆಮಿಸ್ಟರಿನ ಭೂಗೋಳಕ್ಕೆ ಉಳಿದಿದ್ದವರು ಎಂಟೇ ಜನ. ಹತ್ತು ಜನ ಇಲ್ಲದಿದ್ದರೆ ಆ ತರಗತಿಯನ್ನೇ ನಡೆಸಬೇಡಿ ಎಂದು ಆಡಳಿತ ಮಂಡಳಿ ಹೇಳಿಬಿಟ್ಟಿತ್ತು. ಆ ಎಂಟು ಜನ ಮೊದಲ ವರ್ಷ ಮೂರು ವಿಷಯ ಓದಿದ್ದರು, ಒಂದನ್ನು ಬಿಟ್ಟರೂ ಎರಡು ಕೈಯಲ್ಲಿರುತ್ತಿದ್ದವು. ನಾನು ಓದಿದ್ದು ಎರಡೇ. ಭೂಗೋಳ ಹೋದರೆ ಮತ್ತೆ ಮೊದಲ ವರ್ಷದಿಂದ ಶುರು. ಕೌಂಟರಿನ ಮುಂದೆಯೇ ನನಗೆ ಅಳು ಬಂತು.

"ಅಳೋದಾದ್ರೆ ಬುಧವಾರ ಅಳು. ನೋಂದಣಿಗೆ ಬುಧವಾರ ಸಾಯಂಕಾಲ ಐದ್ ಗಂಟೆ ತನ್ಕ ಟೈಮಿದೆ," ಎಂದರು ಮೇಡಂ. "ನೀನು ಒಂಬತ್ತನೇವ್ಳು. ಇನ್ನೊಬ್ಳು ಬೇಕು. ಹುಡ್ಕೋಣ."

ಹಿಂದಿನ ವರ್ಷಗಳ ದಾಖಲಾತಿ ಪುಸ್ತಕ ತೆಗೆದು, ಆ ಹೆಬ್ಬೆರಳನ್ನು ಸಾಲುಸಾಲಾಗಿ ಇಳಿಸುತ್ತಾ ಬಂದರು. ಒಂದು ಹೆಸರಿನ ಬಳಿ ಬೆರಳು ನಿಂತಿತು. ಮೊದಲ ವರ್ಷ ಮುಗಿಸಿ, ತನ್ನೂರಿನಲ್ಲೇ ಮದುವೆಯಾಗಿ, ಬಸುರಿಯಾಗಿ ಓದು ನಿಲ್ಲಿಸಿದ್ದ ಹುಡುಗಿ. ಭೂಗೋಳದಲ್ಲಿ ಕಾಲೇಜಿಗೇ ಹೆಚ್ಚು ಅಂಕ. "ಹಿರೇನಲ್ಲೂರು!" ಎಂದರು, ಎದುರಿಗೇ ನಿಂತವಳನ್ನು ಕರೆದ ಹಾಗೆ.

ಅವಳ ನಂಬರಿಗೆ ಫೋನು ಹೋಗಲಿಲ್ಲ. ಭಾನುವಾರ ಬೆಳಿಗ್ಗೆ ಕಡೂರು ಬಸ್ ಸ್ಟ್ಯಾಂಡಿನಲ್ಲಿ ನಾನು ಕಾಯುತ್ತಿದ್ದೆ. ಮೇಡಂ ತರೀಕೆರೆ ಬಸ್ಸಿನಿಂದ ಇಳಿದರು, ಬಟ್ಟೆ ಚೀಲದಲ್ಲಿ ಅರ್ಜಿ ಫಾರಂ, ತಾಯಿ ಕಟ್ಟಿಕೊಟ್ಟ ರೊಟ್ಟಿ. ಇಬ್ಬರೂ ಹಿರೇನಲ್ಲೂರಿನ ಬಸ್ಸು ಹತ್ತಿದೆವು. ಗುರುತೂ ಇಲ್ಲದವರ ಮನೆಗೆ ಸೊಸೆಯನ್ನು ಕೇಳಲು ಹೋಗುತ್ತಿದ್ದೇವಲ್ಲ, ಏನು ಹೇಳುವುದು ಎಂದು ನಾನು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಮೇಡಂ ಕಿಟಕಿಗೆ ತಲೆಯಾನಿಸಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು.

ಜಗುಲಿಯ ಮೇಲೆ ಹಣೆತುಂಬ ವಿಭೂತಿ ಧರಿಸಿದ ಮಾವ ಕೂತಿದ್ದರು. "ಯಾರಮ್ಮ?" ಎಂದರು.

"ಕಾಲೇಜಿಂದ ಬಂದಿದೀವಿ ಕಣ್ರೀ. ನಿಮ್ ಸೊಸೆ ಜಾಗ ಅಲ್ಲಿ ಹಂಗೇ ಖಾಲಿ ಐತೆ. ಬತ್ತಾಳಾ ಕೇಳ್ಕಂಡ್ ಹೋಗಾಣ ಅಂತ ಬಂದ್ವಿ."

ಒಳಗಿನಿಂದ ಅತ್ತೆ ಬಂದರು, ಹಿಂದೆಯೇ ಕಂಕುಳಲ್ಲಿ ಎಂಟು ತಿಂಗಳ ಹೆಣ್ಣುಕೂಸನ್ನು ಎತ್ತಿಕೊಂಡ ಹುಡುಗಿ. ಮೇಡಮ್ಮನ್ನು ಕಂಡದ್ದೇ ಅವಳ ಮುಖ ಅರಳಿ, ಮರುಕ್ಷಣ ಅತ್ತೆಯ ಕಡೆ ತಿರುಗಿ ಬಾಡಿತು. ಮಂಡಕ್ಕಿ ಬಂತು, ಟೀ ಬಂತು. ಮಾವ ಲೋಟ ಕೆಳಗಿಟ್ಟು ಕೇಳಿದರು, "ಅಲ್ಲ ಮೇಡಮ್ಮೋರೇ, ಈ ಭೂಗೋಳ ಓದಿದ್ರೆ ನಮ್ ಹೊಲ್ದಾಗೆ ಎಲ್ ಬೋರ್ ಕೊರ್ಸಿದ್ರೆ ನೀರ್ ಬತ್ತದೆ ಅಂತ ಗೊತ್ತಾಯ್ತದಾ?"

"ಇಲ್ಲ ಕಣ್ರೀ, ಸುಳ್ಳ್ಯಾಕೆ ಹೇಳ್ಲಿ," ಎಂದರು ಮೇಡಂ. "ತೆಂಗಿನ್ಕಾಯಿ ಹಿಡ್ಕಂಡು ಇಲ್ಲೇ ಐತೆ ಅಂತ ತೋರುಸ್ತಾನಲ್ಲ, ಅವನಿಗೂ ಗೊತ್ತಿಲ್ಲ ಅನ್ನೋದು ಗೊತ್ತಾಯ್ತದೆ, ಅಷ್ಟೇ."

ಮಾವ ಹೋ ಎಂದು ನಕ್ಕುಬಿಟ್ಟರು. ಎರಡು ಸಲ ಕೊರೆಸಿ ಎರಡು ಸಲವೂ ಧೂಳು ಕಂಡವರಂತೆ ಅವರು. ಆದರೆ ಅತ್ತೆ ನಗಲಿಲ್ಲ. "ಕೂಸ್ನ ಯಾರ್ ನೋಡ್ಕತಾರೆ? ನಂಗೆ ಮಂಡಿನೋವು."

"ಕೂಸ್ನೂ ಕರ್ಕಂಡ್ ಬರ್ಲಿ. ಆಫೀಸಲ್ಲಿ ನಾನಿದೀನಿ, ಫ್ಯಾನಿದೆ."

"ನೀವಾ?"

"ಯಾಕ್ರೀ? ಅಷ್ಟೊಂದ್ ಫೈಲ್ ಎತ್ತೋ ಕೈಗೆ ಈ ಕೂಸ್ ಭಾರಾನಾ?"

ಆಗ, ಅಲ್ಲಿಯವರೆಗೆ ಬಾಯಿ ಬಿಡದಿದ್ದ ಹುಡುಗಿ ನೆಲ ನೋಡುತ್ತಾ ಹೇಳಿದಳು, "ಅತ್ತೆ, ನಂಗೆ ಓದ್ಬೇಕು."

ಅತ್ತೆ ಅವಳನ್ನೇ ನೋಡಿದರು. ಮನೆಗೆ ಬಂದ ಮೇಲೆ ಈ ಸೊಸೆ ಬಾಯಿಬಿಟ್ಟು ಏನನ್ನಾದರೂ ಬೇಕು ಎಂದು ಕೇಳಿದ್ದು ಅದೇ ಮೊದಲಿರಬೇಕು. ಎದ್ದು ಬಂದು ಕೂಸನ್ನು ತಮ್ಮ ಕೈಗೆ ತೆಗೆದುಕೊಂಡರು. "ವಾರ್ದಾಗೆ ಮೂರ್ ದಿನ ನಾನ್ ನೋಡ್ಕತೀನಿ. ಮಿಕ್ಕಿದ್ದು ಈ ಮೇಡಮ್ಮು ನೋಡ್ಕಳ್ಲಿ."

ವಾಪಸು ಬರುವಾಗ ಮೇಡಂ ರೊಟ್ಟಿಯ ಗಂಟು ಬಿಚ್ಚಿದರು. ಅಷ್ಟು ರುಚಿಯಾದ ಊಟವನ್ನು ನಾನು ಬಸ್ಸಿನಲ್ಲಿ ಮತ್ತೆಂದೂ ಮಾಡಿಲ್ಲ.

ಬುಧವಾರ ಹುಡುಗಿ ಬಂದದ್ದು ನಾಲ್ಕು ಗಂಟೆಗೆ. ಕೂಸಿಗೆ ಹಾಲು ಕುಡಿಸಿ ಹೊರಡುವಷ್ಟರಲ್ಲಿ ಒಂದು ಬಸ್ಸು ತಪ್ಪಿತ್ತು. ಮೇಡಂ ಕಂಪ್ಯೂಟರಿನಲ್ಲಿ ಎಲ್ಲವನ್ನೂ ತುಂಬಿದರು. ಕೊನೆಗೆ ಓ.ಟಿ.ಪಿ. ಕೇಳಿತು. ಅದು ಹೋದದ್ದು ಗಂಡನ ಮೊಬೈಲಿಗೆ. ಗಂಡ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ, ಅಲ್ಲಿ ನೆಟ್‌ವರ್ಕ್ ಇಲ್ಲ. ಮಾವನಿಗೆ ಫೋನು ಮಾಡಿದೆವು. ಆ ಯಜಮಾನರು ಹೊಲಕ್ಕೆ ಹೋಗಿ, ಮಗನನ್ನು ಟ್ರ್ಯಾಕ್ಟರ್ ಸಮೇತ ಕೆರೆ ಏರಿಯ ಮೇಲೆ ಹತ್ತಿಸಿದರು. ನಾಲ್ಕೂ ಮುಕ್ಕಾಲಕ್ಕೆ ಅವರ ಫೋನು ಬಂತು. ಮೇಡಂ ಸ್ಪೀಕರ್ ಹಾಕಿದರು.

"ಏಳು! ಆಮೇಕೆ ಸೊನ್ನೆ! ಲೇ, ಟ್ರ್ಯಾಕ್ಟರ್ ಆರ್ಸೋ, ಮೇಡಮ್ಮೋರಿಗೆ ಕೇಳ್ಸಲ್ಲ! ನಾಕು!"

ಆಫೀಸಿನಲ್ಲಿದ್ದ ಅಷ್ಟೂ ಜನ ಒಟ್ಟಿಗೆ ಕೂಗಿ ಹೇಳುತ್ತಿದ್ದೆವು: ಏಳು, ಸೊನ್ನೆ, ನಾಲ್ಕು, ಹೀಗೆ ಆರೂ ಅಂಕಿ. ಗಲಾಟೆ ಕೇಳಿ ಪ್ರಿನ್ಸಿಪಾಲರು ಹೊರಗೆ ಬಂದರು, ವಿಷಯ ತಿಳಿದು ಅವರೂ ನಿಂತರು. ನೋಂದಣಿ ಪೂರ್ಣವಾಯಿತು ಎಂಬ ಹಸಿರು ಅಕ್ಷರ ಮೂಡಿದಾಗ ಮೇಡಂ ಕುರ್ಚಿಗೆ ಒರಗಿ, ಎರಡೂ ಕೈ ಮೇಲೆತ್ತಿ ಸೋಮಾರಿ ಬೆಕ್ಕಿನ ಹಾಗೆ ಮೈಮುರಿದರು. ಆಮೇಲೆ ನನ್ನತ್ತ ತಿರುಗಿ, "ಈಗ ಅಳು," ಎಂದರು. ನಾನೂ ಹಿರೇನಲ್ಲೂರೂ ತಬ್ಬಿಕೊಂಡು, ನಗುತ್ತಲೇ ಅತ್ತೆವು. ಅವಳನ್ನು ನಾನು ಕಂಡದ್ದು ಅದು ಎರಡನೆಯ ಸಲ.

ಮೊದಲ ತರಗತಿಯ ದಿನ ಕಿಟಕಿಯಾಚೆ ಮೇಡಂ ನಿಂತಿದ್ದರು. ಬೆರಳಾಡಿಸಿ ನಮ್ಮನ್ನೆಲ್ಲ ಎಣಿಸಿ, ಹತ್ತು ಎಂದು ಖಾತ್ರಿ ಮಾಡಿಕೊಂಡು ಹೊರಟುಹೋದರು. ಕೂಸು ನಿಜಕ್ಕೂ ಆಫೀಸಿಗೆ ಬಂತು. ಮಧ್ಯಾಹ್ನದ ಫೋನನ್ನು ಮೇಡಂ ಅದರ ಕಿವಿಗೂ ಇಡುತ್ತಿದ್ದರು. ಕೊನೆಗೆ ಹಿರೇನಲ್ಲೂರಿನ ಆ ಲಿಂಗಾಯತರ ಮನೆಯ ಮೊಮ್ಮಗಳು, ಅಜ್ಜ ಏನು ಕೇಳಿದರೂ "ಹೌ" ಎನ್ನಲು ಕಲಿತಳು. ಅಜ್ಜ ಅದನ್ನು ಬಂದವರಿಗೆಲ್ಲ ಕೇಳಿಸಿ ಹಿಗ್ಗುತ್ತಿದ್ದರು.

ನಾವಿಬ್ಬರೂ ಪಾಸಾದೆವು. ಅವಳಿಗೆ ಈಗ ಕಡೂರಿನಲ್ಲೇ ಕೆಲಸ. ನಾನು ಬಿ.ಎಡ್. ಮುಗಿಸಿ ಅದೇ ಊರಿನ ಹೈಸ್ಕೂಲಿನಲ್ಲಿ ಮಕ್ಕಳಿಗೆ ನಕ್ಷೆ ಬಿಡಿಸಲು ಕಲಿಸುತ್ತಿದ್ದೇನೆ. ಮೇಡಂ ಹೋದ ವರ್ಷ ನಿವೃತ್ತರಾದರು. ಬೀಳ್ಕೊಡುಗೆಯ ದಿನ ನಾನು ಮೈಕಿನ ಮುಂದೆ ಏನೇನೋ ಹೇಳಲು ಹೋಗಿ, ನಮಸ್ಕಾರವನ್ನಷ್ಟೇ ಹೇಳಿ ಇಳಿದುಬಂದೆ. ಅವರಿಗೆ ಹೇಳಬೇಕಾದ್ದು ಹಾಗೆಯೇ ಉಳಿದುಹೋಯಿತಲ್ಲ ಎಂದು ಬಹಳ ದಿನ ಕೊರೆಯುತ್ತಿತ್ತು.

ಈಚೆಗೆ ಒಂದು ಶುಕ್ರವಾರ ಅವರ ಫೋನು ಬಂತು. ಕ್ಷೇಮಸಮಾಚಾರ ಏನೂ ಇಲ್ಲ.

"ಅಜ್ಜಂಪುರ, ನಮ್ ಬೀದೀಗೆ ಹುಬ್ಳಿ ಕಡೆಯಿಂದ ಒಂದ್ ಹುಡ್ಗಿ ಬಂದಿದಾಳೆ. ಡಿಗ್ರಿ ಅರ್ಧಕ್ಕೆ ನಿಂತಿದೆ. ಮೈಗ್ರೇಷನ್ನು, ಅದೂ ಇದೂ ಅಂತ ಯಾರೋ ಹೆದ್ರಿಸಿಬಿಟ್ಟವ್ರೆ. ನಂಗೀಗ ಮೊದಲ್ನಂಗೆ ಓಡಾಡಕ್ಕಾಗಲ್ಲ ಕಣೇ. ಭಾನುವಾರ ನೀನು ಬತ್ತೀಯಾ?"

"ಬತ್ತೀನಿ ಮೇಡಂ," ಎಂದೆ. ಫೋನಿಟ್ಟು ಹಿರೇನಲ್ಲೂರಿಗೂ ಹೇಳಿದೆ. ಭಾನುವಾರ ಬೆಳಿಗ್ಗೆ ಇಬ್ಬರೂ ತರೀಕೆರೆಯ ಮೊದಲ ಬಸ್ಸಿನಲ್ಲಿದ್ದೆವು.