ನೀರು ಹಾರಬೇಕು

ಊರಿನ ಹೆಸರು ಹೇಳುವುದಿಲ್ಲ. ಭಟ್ಕಳದವರು ಓದಿದರೆ ಇದು ಕುಮಟೆಯ ಕತೆ ಎನ್ನುತ್ತಾರೆ, ಕುಮಟೆಯವರು ಹೊನ್ನಾವರದ್ದು ಎನ್ನುತ್ತಾರೆ, ಹೊನ್ನಾವರದವರು ಓದುವುದೇ ಇಲ್ಲ. ಹೆದ್ದಾರಿಗುಂಟ ಕೂತಿರುವ ಈ ಮೂರೂ ಊರುಗಳ ಲೆಕ್ಕದಲ್ಲಿ ನಾರುವುದು ಯಾವಾಗಲೂ ಪಕ್ಕದ ಊರು.

ನಮ್ಮೂರಿನ ಕೊಳಚೆ ನೀರನ್ನು ಶುದ್ಧ ಮಾಡುವ ಘಟಕ ಹೊಳೆಯ ದಂಡೆಯಲ್ಲಿದೆ. ಅದು ಹೊರಬಿಟ್ಟ ನೀರು ಹೊಳೆ ಸೇರುವ ಜಾಗದಿಂದ ಸ್ವಲ್ಪ ಕೆಳಗೆ, ಕಡಲಿನ ಇಳಿತದ ಹೊತ್ತಿಗೆ ನನ್ನ ಚಿಕ್ಕಿ ಸೊಂಟಮಟ್ಟ ನೀರಿನಲ್ಲಿ ನಿಂತು ಬಳಚು ಹೆಕ್ಕುತ್ತಾಳೆ. ಆ ಚಿಪ್ಪುಗಳೊಳಗಿನ ಚೂರು ಮಾಂಸದಿಂದಲೇ ಅವಳ ಮನೆಯ ಒಲೆ ಉರಿಯಬೇಕು. ಗೋವೆಯ ಕಡೆಗೆ ಮಾಲು ಕಳಿಸುವ ವ್ಯಾಪಾರಿ ಒಂದು ಬೆಳಿಗ್ಗೆ ಅವಳ ಬುಟ್ಟಿಯನ್ನು ಮೂಸಿ ಹಿಂದಕ್ಕೆ ತಳ್ಳಿದ.

"ಗಟಾರದ ವಾಸನೆ ಬತ್ತದೆ ಅಕ್ಕಾ. ಗಿರಾಕಿ ಇದನ್ನ ನನ್ನ ಮುಖಕ್ಕೇ ಎಸೀತಾರೆ."

ಮರುದಿನವೂ ಅದೇ ಮಾತು. ಮಳೆಗಾಲ ಕಳೆದ ಮೇಲೂ ಅದೇ. ಆಗ ನಾನು ಪುರಸಭೆಗೆ ಹೋದೆ. ಹೋಗಿದ್ದು ಕೈಮುಗಿಯಲಿಕ್ಕಲ್ಲ, ಜಗಳಕ್ಕೆ. ನಮ್ಮ ವಾರ್ಡಿನ ಸದಸ್ಯರು ನಗುತ್ತಲೇ ಕುರ್ಚಿ ತೋರಿಸಿ, "ಎಂತಕೆ ಕೂಗ್ತೆ ತಂಗೀ? ಹೊಸ ಮಷಿನ್ ಬತ್ತದೆ. ಎಲ್ಲ ಸರಿಯಾಗ್ತದೆ" ಅಂದರು. ಅಧಿಕಾರದಲ್ಲಿರುವವರು ನಗುತ್ತ ಹೇಳುವ ಯಾವುದನ್ನೂ ನಾನು ನಂಬುವುದಿಲ್ಲ. ಹಾಗಾಗಿ ಕೆಲಸ ಶುರುವಾದ ದಿನದಿಂದ ಘಟಕದ ಗೇಟಿನೊಳಗೆ ಹೋಗಿ ನಿಲ್ಲತೊಡಗಿದೆ. ನನ್ನ ಬಾಯಿಗೆ ಹೆದರಿ ಯಾರೂ ಹೊರಗೆ ಹಾಕಲಿಲ್ಲ.

ಹೊಸ ಮಷಿನ್ ನಿಜಕ್ಕೂ ಬಂತು, ಅದೂ ಒಳ್ಳೆಯದೇ ಬಂತು. ಅದನ್ನು ಒಪ್ಪಿಕೊಳ್ಳಲು ನನಗೇನೂ ಕಷ್ಟವಿಲ್ಲ. ಬಯಲುಸೀಮೆಯಿಂದ ಬಂದಿದ್ದ ಇಂಜಿನಿಯರರು ಬಿಡಿಸಿ ಹೇಳಿದರು. ಹೊಲಸನ್ನು ತಿನ್ನುವುದು ಯಂತ್ರವಲ್ಲ, ಕಣ್ಣಿಗೆ ಕಾಣದ ಜೀವಿಗಳು. ಅವಕ್ಕೆ ಗಾಳಿ ಬೇಕು. ಇಷ್ಟು ವರ್ಷ ತೊಟ್ಟಿಯ ಮೇಲೆ ಫ್ಯಾನಿನಂಥದೊಂದು ತಿರುಗಿ ನೀರನ್ನು ಬಡಿದು ಹಾರಿಸುತ್ತಿತ್ತು. ಪುರಸಭೆಯ ಮೀಟಿಂಗಿನ ಹಾಗೆ, ಸದ್ದು ಬಹಳ, ಕೆಲಸ ಕಡಿಮೆ. ಹೊಸದರಲ್ಲಿ ಎರಡು ಬ್ಲೋವರುಗಳು ಪೈಪಿನೊಳಗೆ ಗಾಳಿ ತಳ್ಳುತ್ತವೆ. ತೊಟ್ಟಿಯ ತಳದಲ್ಲಿ ಕೂರಿಸಿದ ರಬ್ಬರ್ ತಟ್ಟೆಗಳ ಸಣ್ಣ ತೂತುಗಳಿಂದ ಅದು ಗುಳ್ಳೆಗುಳ್ಳೆಯಾಗಿ ಏಳುತ್ತದೆ. ಮೇಲಿನಿಂದ ನೋಡಿದರೆ ಸಣ್ಣ ಉರಿಯಲ್ಲಿಟ್ಟ ಗಂಜಿಯ ಹಾಗೆ. ಅಷ್ಟೇ.

ಆ 'ಅಷ್ಟೇ' ಎಂಬುದೇ ಮುಳುವಾಯಿತು. ಉದ್ಘಾಟನೆಗೆ ಮುಂಚೆ ನೋಡಲು ಬಂದ ಸದಸ್ಯರು ತೊಟ್ಟಿಗೆ ಬಗ್ಗಿ ಗಾಬರಿಯಾದರು.

"ಎಂತದಿದು? ನೀರು ಹಾರ್ತೇ ಇಲ್ಲ!"

"ಸರ್, ಇದು ಹಾರೋದಿಲ್ಲ. ಕೆಲಸ ಎಲ್ಲ ಕೆಳಗಡೆ ನಡೆಯುತ್ತೆ."

"ಕೆಳಗೆ ಎಂತ ನಡೀತದೆ ಅಂತ ಬಂದ ಅತಿಥಿಗಳು ಮುಳುಗಿ ನೋಡ್ತಾರ? ಹಳೇ ಫ್ಯಾನು ತೆಗೀಬೇಡಿ, ಅದೂ ಓಡ್ಲಿ."

ಮೂರನ್ನೂ ಒಟ್ಟಿಗೆ ಓಡಿಸಿದರೆ ಕರೆಂಟು ಟ್ರಿಪ್ ಆಗುತ್ತದೆ ಎಂದರು ಇಂಜಿನಿಯರರು.

"ಹಾಂಗಾರೆ ಒಂದು ಬ್ಲೋವರ್ ಬಂದ್ ಮಾಡಿ. ಅರ್ಧ ಹಳತು, ಅರ್ಧ ಹೊಸತು. ಎಲ್ಲರಿಗೂ ಸಮಾಧಾನ."

"ಹೊಳೆಗೂ ಸಮಾಧಾನವಾ? ಅರ್ಧ ಗಾಳಿಗೆ ಅರ್ಧ ಹೊಲಸು ಹಾಂಗೇ ಉಳೀತದೆ" ಎಂದೆ ನಾನು.

ಅವರು ನನ್ನ ಕಡೆ ತಿರುಗಿದರು. ಸಿಟ್ಟು ಬಂದಿರಲಿಲ್ಲ, ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು. "ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನೀನು ಪರವೂ ಮಾತಾಡ್ತಿದ್ದೆ, ವಿರೋಧವೂ ಮಾತಾಡ್ತಿದ್ದೆ ಅಲ್ದ? ಗೆದ್ದಾಗ ಕಪ್ಪು ಕೊಟ್ಟವ ನಾನೇ. ಒಂದ್ಸಲ ನಮ್ಮ ಪರ ಮಾತಾಡು. ಕಾರ್ಯಕ್ರಮದ ನಿರೂಪಣೆ ನಿಂದೇ."

ಬಾಯಿ ಮುಚ್ಚಿಸಲಿಕ್ಕೆ ಮೈಕು ಕೊಡುವ ಮನುಷ್ಯನನ್ನು ನಾನು ಅದೇ ಮೊದಲು ನೋಡಿದ್ದು. ಒಪ್ಪಿಕೊಂಡೆ.

ಉದ್ಘಾಟನೆಯ ದಿನ ತೊಟ್ಟಿಯ ಪಕ್ಕದಲ್ಲೇ ಶಾಮಿಯಾನ. ಹಳೇ ಫ್ಯಾನಿಗೆ ಹೂವಿನ ಮಾಲೆ ಹಾಕಿದ್ದರು. ಹೊಸ ಬ್ಲೋವರುಗಳು ತಗಡಿನ ಕೋಣೆಯಲ್ಲಿ ಯಾರಿಗೂ ಬೇಡದೆ ಇದ್ದವು. ಫ್ಯಾನು ತಿರುಗಿ ನೀರು ಆಳೆತ್ತರ ಹಾರಿದಾಗ ಜನ ಬಾಯಿಬಿಟ್ಟು ನೋಡಿದರು. ಮುಂದಿನ ಸಾಲಿನಲ್ಲಿ ಚಿಕ್ಕಿ. ಎರಡು ಸಾಲು ಹಿಂದೆ ಆ ವ್ಯಾಪಾರಿಯೂ ಕೂತಿದ್ದ.

ಸ್ವಾಗತ ಮುಗಿಸಿ ನಾನು ಕಾಗದ ಮಡಚಿಟ್ಟೆ. "ನಾವು ಸೇರಿದ್ದು ಹೊಸ ಯಂತ್ರಕ್ಕಾಗಿ. ನೀವು ನೋಡುತ್ತಿರುವುದು ಹಳೆಯದು. ದಯವಿಟ್ಟು ಅದನ್ನು ನಿಲ್ಲಿಸಿ, ಎರಡೂ ಬ್ಲೋವರ್ ಹಾಕಿ" ಎಂದೆ. ಮುಖ್ಯ ಅತಿಥಿ ಏನೂ ತಿಳಿಯದೆ ತಲೆಯಾಡಿಸಿದರು. ಅವರು ತಲೆಯಾಡಿಸಿದ ಮೇಲೆ ಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಇಂಜಿನಿಯರರು ಓಡಿಹೋಗಿ ಸ್ವಿಚ್ಚು ಬದಲಿಸಿದರು.

ಫ್ಯಾನು ನಿಂತಿತು. ನೀರು ಕೆಳಗೆ ಕೂತಿತು. ಸ್ವಲ್ಪ ಹೊತ್ತಿಗೆ ತೊಟ್ಟಿಯ ಈ ತುದಿಯಿಂದ ಆ ತುದಿಯವರೆಗೆ ಸಣ್ಣ ಗುಳ್ಳೆಗಳು ಎದ್ದವು. ಇಡೀ ಯೋಜನೆಯಲ್ಲಿ ಸುಳ್ಳಲ್ಲದ್ದು ಅದೊಂದೇ, ಈಗ ಕಣ್ಣೆದುರಿಗಿತ್ತು.

"ಕರೆಂಟ್ ಹೋತನ?" ಎಂದು ಯಾರೋ ಕೇಳಿದರು.

"ಕರೆಂಟಲ್ಲ ಮಾರಾಯಾ, ಮಷಿನೇ ಕೆಟ್ಟೋತು! ರಿಬ್ಬನ್ ಕತ್ತರಿಸೂಕೂ ಬಿಡ್ಲಿಲ್ಲ."

ನಗು ಎದ್ದಿತು. ನಾನು ವಿವರಿಸಿದೆ. ಒಂದೊಂದೇ ಅಂಶ ಎತ್ತಿಕೊಂಡು, ಎದುರಾಳಿ ಏನು ಹೇಳಬಹುದೋ ಅದನ್ನೂ ನಾನೇ ಹೇಳಿ, ಅದಕ್ಕೂ ಉತ್ತರ ಕೊಟ್ಟೆ. ಯಕ್ಷಗಾನಕ್ಕೆ ಹೆಸರಾದ ಕರ್ಕಿ ಕಡೆಯ ಮುದುಕನೊಬ್ಬ ಕೂತಲ್ಲಿಂದಲೇ ಕೂಗಿದ: "ತಂಗೀ, ವೇಷ ರಂಗಕ್ಕೆ ಬಂದು ಕುಣೀಬೇಕು. ಚೌಕಿಯಲ್ಲೇ ಬಣ್ಣ ಹಚ್ಕಂಡು ಕೂತ್ರೆ ನಾವು ಎಂತ ನೋಡೂದು?" ಇಡೀ ಶಾಮಿಯಾನ ಚಪ್ಪಾಳೆ ಹೊಡೆಯಿತು. ಸದಸ್ಯರು ನನ್ನ ಕೈಯಿಂದ ಮೈಕು ತೆಗೆದುಕೊಂಡು, "ಹುಡುಗಿಗೆ ಸ್ಟೇಜಿನ ಮೇಲೆ ಸ್ವಲ್ಪ ಗಾಬರಿ ಆತು" ಎಂದರು. ಒಂದು ಬ್ಲೋವರ್ ನಿಂತಿತು, ಫ್ಯಾನು ತಿರುಗಿತು, ನೀರು ಹಾರಿತು. ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಮೂರ್ಖರೆಂದು ಅವತ್ತೇ ಅಂದುಕೊಂಡೆ. ಇವತ್ತಿಗೂ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ.

ಮರುದಿನದ ಇಳಿತಕ್ಕೆ ವ್ಯಾಪಾರಿ ಬಂದವನು ಬುಟ್ಟಿ ಮೂಸಲೇ ಇಲ್ಲವಂತೆ. "ಹೊಸ ಮಷಿನ್ ನಾನೇ ಕಣ್ಣಾರೆ ನೋಡ್ದೆ ಅಕ್ಕಾ, ಎಂಥಾ ಹಾರ್ತದೆ!" ಎನ್ನುತ್ತ ಪೂರಾ ಬುಟ್ಟಿ ಗಾಡಿಗೆ ಹಾಕಿಸಿಕೊಂಡನಂತೆ.

ಮಧ್ಯಾಹ್ನ ಚಿಕ್ಕಿ ಊಟಕ್ಕೆ ಕರೆದಳು. ಕಾಯಿ ಹಾಕಿ ಹುರಿದ ಬಳಚನ್ನು ನನ್ನ ತಾಟಿಗೆ ಬಡಿಸಿದಳು.

"ಒಂದು ಬ್ಲೋವರ್ ಈಗ್ಲೂ ಬಂದ್ ಇದೆ ಚಿಕ್ಕಿ. ನೀರು ಮೊದ್ಲಿನ ಹಾಂಗೇ ಇದೆ."

"ಗೊತ್ತಿದೆ. ದಿನಾ ಅದ್ರಲ್ಲಿ ನಿಂತ್ಕಂಬವಳು ನಾನು, ನೀನಲ್ಲ."

"ಹಾಂಗಾರೆ ವ್ಯಾಪಾರಿಗೆ ಹೇಳು."

"ಎಂತಕೆ? ನೀ ಗೆಲ್ಲೂಕಾ?"

"ತಿಂದವರಿಗೆ ಎಂತಾದ್ರೂ ಆದ್ರೆ?"

"ನಾವು ತಿಂತಿಲ್ವನೆ?"

ನಾನು ತಾಟು ಸರಿಸಿದೆ. ಅವಳು ಅದನ್ನು ತನ್ನೆದುರಿಗೆ ಎಳೆದುಕೊಂಡು, ನನ್ನ ಮುಖದಿಂದ ಕಣ್ಣು ತೆಗೆಯದೆ ಒಂದೊಂದೇ ಚಿಪ್ಪು ಚೀಪಿ ಪಕ್ಕಕ್ಕೆ ಹಾಕಿದಳು. ತಾಟು ಖಾಲಿಯಾದ ಮೇಲೆ ಕೈ ತೊಳೆಯಲು ಎದ್ದವಳು ಬಾಗಿಲಲ್ಲಿ ನಿಂತು ಹೇಳಿದಳು:

"ನಾಳೆ ಆ ಗೇಟಿಗೆ ಹೋಗಿ ಕೂಗೂದಾದ್ರೆ ಕೂಗು. ವ್ಯಾಪಾರಿ ಗಾಡಿ ಹೋದ್ಮೇಲೆ ಹೋಗು."