ಮೂರು ಮೂರಾಗಿಯೇ ಕಾಣಬೇಕು

ಬೆಳಗಿನ ಐದು ಗಂಟೆ. ದೋಣಿ ಕಚೇರಿಯ ಮಹಡಿಯ ಕೋಣೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಕಂಪ್ಯೂಟರಿನ ಮುಂದೆ ಕುಳಿತ ಐವತ್ತೆರಡರ ಹೆಂಗಸು ಮೂಗು ಪರದೆಗೆ ತಾಗುವಷ್ಟು ಬಗ್ಗಿ ಒಂದು ಅಂಕಿಯನ್ನು ದಿಟ್ಟಿಸುತ್ತಿದ್ದಾರೆ. ಕನ್ನಡಕ ಹಣೆಯ ಮೇಲಿದೆ, ಹತ್ತಿರದ್ದನ್ನು ನೋಡಲು ಅದು ಬೇಡವಂತೆ. ಉಬ್ಬರ ಇಳಿತ ನೋಡಿ ದೋಣಿಯವರು ಫೋನಿನಲ್ಲಿ ಹೇಳಿದ ಹೊತ್ತುಗಳು ಪಕ್ಕದ ಚೀಟಿಯಲ್ಲಿವೆ. ಕೊನೆಯ ದ್ವೀಪದಿಂದ ಇವತ್ತು ಮೊದಲ ದೋಣಿ ಹೊರಡುವುದು 6.33ಕ್ಕೆ.

“ಅಯ್ಯೋ, ಇವತ್ತೇ ಎರಡೆರಡು ಮೂರು ಬರಬೇಕಿತ್ತಾ!” ಎಂದು ತಮ್ಮಷ್ಟಕ್ಕೇ ಗೊಣಗುತ್ತಾರೆ.

ಗೊಣಗಾಟಕ್ಕೆ ಕಾರಣವಿದೆ. ಇವತ್ತು ದೋಣಿ ಸಂಸ್ಥೆಯ ಹೊಸ ವೆಬ್‌ಸೈಟಿನ ಮೊದಲ ದಿನ. ಏಳು ವರ್ಷದಿಂದ ದಿನವೂ ಇವರು ತಯಾರಿಸುವ ವೇಳಾಪಟ್ಟಿಯ ಚಿತ್ರ ಕೊನೆಯ ದ್ವೀಪದ ಹಳೇ ಫೋನಿನಲ್ಲೂ ತೆರೆಯುತ್ತದೋ ಇಲ್ಲವೋ, ಇನ್ನು ಸ್ವಲ್ಪ ಹೊತ್ತಿನಲ್ಲಿ ಗೊತ್ತಾಗಬೇಕು. ತೆರೆದರೆ ಐದೂ ನಲವತ್ತರ ಹೊತ್ತಿಗೆ ಮೇಜಿನ ಮೇಲಿನ ಫೋನು ಒಂದೇ ಒಂದು ಸಲ ಬಡಿದುಕೊಂಡು ಸುಮ್ಮನಾಗುತ್ತದೆ. ದ್ವೀಪದಿಂದ ಆ ಮಿಸ್ಡ್ ಕಾಲ್ ಬರುವವರೆಗೆ ಇವರು ಕುರ್ಚಿ ಬಿಟ್ಟು ಏಳುವುದಿಲ್ಲ.

ಕಚೇರಿಯಲ್ಲೂ ದೋಣಿಕಟ್ಟೆಯಲ್ಲೂ ಎಲ್ಲರ ಬಾಯಲ್ಲೂ ಇವರು ಬೋರ್ಡಕ್ಕ. ಅಪ್ಪ ಬೋರ್ಡು ಬರೆಯುತ್ತಿದ್ದರು. ಲಂಗ ಹಾಕುವ ವಯಸ್ಸಿನಲ್ಲೇ ಮಗಳು ಅವರ ಏಣಿಯ ಕೆಳಗೆ ನಿಂತು ಬಣ್ಣ ಕಲಸುತ್ತಿದ್ದಳು. ಮುಂದೆ ಇಪ್ಪತ್ತೆಂಟು ವರ್ಷ ದೋಣಿಗಳ ಮೈಮೇಲಿನ ಹೆಸರು, ಹನ್ನೊಂದು ದೋಣಿಕಟ್ಟೆಗಳ ಬೋರ್ಡು, ಎಲ್ಲವೂ ಇವರ ಕೈಯಿಂದಲೇ ಆದವು. ಆಮೇಲೆ ಬೋರ್ಡು ಮುದ್ರಿಸುವ ಯಂತ್ರ ಬಂತು. ಒಂದು ವರ್ಷ ಬ್ರಷ್ಷುಗಳು ಡಬ್ಬಿಯಲ್ಲೇ ಒಣಗಿದವು. ಬಣ್ಣ ಬಲ್ಲವರು ಕಂಪ್ಯೂಟರನ್ನೂ ಕಲಿತಾರು ಎಂದು ಸಂಸ್ಥೆಯ ಮ್ಯಾನೇಜರು ವೆಬ್‌ಸೈಟಿನ ಚಿತ್ರಗಳ ಕೆಲಸಕ್ಕೆ ಕರೆದಾಗ ಬೋರ್ಡಕ್ಕನಿಗೆ ನಲವತ್ತೈದು. ಮೌಸು ಹಿಡಿಯುವುದನ್ನು ಕಲಿಸಿದ್ದು ತಮ್ಮನ ಹೆಂಡತಿ.

“ಮೊದಲ ದಿನ ಮೌಸನ್ನ ಬ್ರಷ್ಷಿನ ಥರ ಮೇಲೆತ್ತಿ ಹಿಡಿದಿದ್ರು,” ಎಂದು ನಾದಿನಿ ಈಗಲೂ ನಗುತ್ತಾರೆ. “ಅತ್ತಿಗೆ, ಅದನ್ನ ಮೇಜಿನ ಮೇಲಿಡಿ ಅಂದ್ರೆ, ಬಣ್ಣ ಅಂಟಲ್ವಾ ಅಂತ ಕೇಳಿದ್ರು.”

ಹಾಗೆ ಕೇಳಿದ ಬೋರ್ಡಕ್ಕ ಈಗ ಚಿತ್ರದ ಬಗೆಗಳ ಬಗ್ಗೆ ಬಾಯಿ ತೆರೆದರೆ ಇಂಜಿನಿಯರುಗಳೂ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ದೋಣಿಯ ಫೋಟೊ, ಸಿಬ್ಬಂದಿಯ ಮುಖ, ಸಂಜೆಯ ಆಕಾಶ ಇವಕ್ಕೆಲ್ಲ ಜೆಪಿಜಿ. ವೇಳಾಪಟ್ಟಿಗೆ, ದಾರಿಯ ನಕ್ಷೆಗೆ ಪಿಎನ್‌ಜಿ. ಸಂಸ್ಥೆಯ ಲಾಂಛನಕ್ಕೆ, ಬಾಣದ ಗುರುತುಗಳಿಗೆ ಎಸ್‌ವಿಜಿ. ಯಾಕೆ ಎಂದು ಕೇಳಿದರೆ ಬರುವ ಉತ್ತರ ಯಾವ ಪುಸ್ತಕದ್ದೂ ಅಲ್ಲ, ಏಣಿಯ ಮೇಲೆ ನಿಂತು ಕಲಿತದ್ದು.

“ಮುಖಕ್ಕೆ ಸಾವಿರ ಬಣ್ಣ ಬೇಕು, ಬೋರ್ಡಿಗೆ ನಾಲ್ಕು ಡಬ್ಬಿ ಸಾಕು. ಜೆಪಿಜಿ ಏನು ಮಾಡುತ್ತೆ ಗೊತ್ತಾ? ಕಣ್ಣಿಗೆ ತಿಳಿಯದ ಹಾಗೆ ಒಂದಷ್ಟು ಬಣ್ಣ ಬಿಸಾಕಿ ಹಗುರ ಆಗುತ್ತೆ. ಕೆನ್ನೆ ಮೇಲಿನ ನೆರಳು ಒಂದೆಳೆ ಆಚೀಚೆ ಆದ್ರೆ ಯಾರಿಗೇನು? ಅಂಕಿಯ ಅಂಚು ಆಚೀಚೆ ಆದ್ರೆ ದೋಣಿ ತಪ್ಪುತ್ತೆ. ಪಿಎನ್‌ಜಿ ಹಾಗಲ್ಲ, ಕೊಟ್ಟ ಬಣ್ಣನ ಕೊಟ್ಟ ಜಾಗದಲ್ಲೇ ಇಡುತ್ತೆ. ಎಸ್‌ವಿಜಿ ಅಂದ್ರೆ ಚಿತ್ರ ಅಲ್ಲವೇ ಅಲ್ಲ, ಚಿತ್ರ ಬರೆಯೋ ಕ್ರಮ. ಇಲ್ಲಿಂದ ಅಲ್ಲಿಗೆ ಗೆರೆ ಎಳಿ, ಒಳಗೆ ನೀಲಿ ತುಂಬು ಅನ್ನೋದು. ನಮ್ಮಪ್ಪ ಚೌಕ ಹಾಕ್ಕೊಂಡು ಅಂಗೈಯಷ್ಟು ಚಿತ್ರನ ಗೋಡೆಯಷ್ಟು ಮಾಡ್ತಿದ್ರು, ಅದೇ ವಿದ್ಯೆ.”

ದಿನಕ್ಕೆ ಹದಿನಾಲ್ಕು ಚಿತ್ರಗಳು ಇವರ ಕೈ ದಾಟುತ್ತವೆ. ಬೆಳಗಿನ ಏಳರೊಳಗೆ ಒಂಬತ್ತು ಸಾವಿರ ಮಂದಿ ವೇಳಾಪಟ್ಟಿ ತೆರೆಯುತ್ತಾರೆ. ಮೊದಲು ನಾನ್ನೂರ ಹತ್ತು ಕೆಬಿ ತೂಗುತ್ತಿದ್ದ ಆ ಚಿತ್ರ ಈಗ ಮೂವತ್ತೆಂಟು ಕೆಬಿ. ಅದೇ ಪಟ್ಟಿ ಕೆಳಗೆ ಬರಹದಲ್ಲೂ ಇರುತ್ತದೆ, ಆದರೆ ಜನ ಇಳಿಸಿಕೊಳ್ಳುವುದು ಚಿತ್ರವನ್ನೇ. ನೀರಿನ ಮೇಲೆ ಸಿಗ್ನಲ್ ಸಿಗುವುದಿಲ್ಲ, ಒಮ್ಮೆ ಇಳಿಸಿಕೊಂಡ ಚಿತ್ರ ಮಾತ್ರ ಫೋನಿನಲ್ಲಿ ಉಳಿಯುತ್ತದೆ.

ಇಷ್ಟೆಲ್ಲ ಬಲ್ಲ ಬೋರ್ಡಕ್ಕ ಇದನ್ನು ಕಲಿತದ್ದು ತಪ್ಪು ಮಾಡಿ. ಆ ತಪ್ಪನ್ನು ಅವರು ಮುಚ್ಚಿಡುವುದಿಲ್ಲ.

ಕೆಲಸಕ್ಕೆ ಸೇರಿದ ಮೊದಲ ವರ್ಷ. ಆಗ ವೇಳಾಪಟ್ಟಿಯೂ ಜೆಪಿಜಿಯೇ. ಹಳೇ ಬೋರ್ಡನ್ನೇ ತಿದ್ದಿ ತೀಡಿ ಹೊಸತು ಮಾಡುವ ಕೈ ಇವರದ್ದು. ಹಾಗೇ ನಿನ್ನೆಯ ಚಿತ್ರ ತೆರೆದು, ಅದರೊಳಗಿನ ಅಂಕಿಗಳನ್ನೇ ಕತ್ತರಿಸಿ ಇವತ್ತಿನ ಜಾಗಕ್ಕೆ ಅಂಟಿಸಿ, ಮತ್ತೆ ಉಳಿಸಿ ಕಳಿಸುತ್ತಿದ್ದರು. ಪ್ರತಿ ಸಲ ಉಳಿಸಿದಾಗಲೂ ಜೆಪಿಜಿ ಒಂದಿಷ್ಟು ಬಿಸಾಡುತ್ತದೆ ಎಂಬುದು ಗೊತ್ತಿರಲಿಲ್ಲ. ಎರಡು ತಿಂಗಳಲ್ಲಿ ಮೂರರ ತೆರೆದ ಬಾಯಿ ಮಸಿ ಮೆತ್ತಿದಂತೆ ಮುಚ್ಚಿಕೊಳ್ಳುತ್ತಾ ಬಂತು. ದಿನವೂ ನೋಡುತ್ತಿದ್ದ ಕಣ್ಣಿಗೆ ಅದು ತಿಳಿಯಲೇ ಇಲ್ಲ.

ಒಂದು ಬೆಳಿಗ್ಗೆ ಕೊನೆಯ ದ್ವೀಪದ ಮೊದಲ ದೋಣಿ 5.53ಕ್ಕಿತ್ತು. ದ್ವೀಪದಲ್ಲಿರುವ ಹೆರಿಗೆ ನರ್ಸು, ಎಲ್ಲರೂ ನರ್ಸಮ್ಮ ಎನ್ನುವವರು, ಫೋನಿನಲ್ಲಿ ಅದನ್ನು 5.58 ಎಂದು ಓದಿಕೊಂಡರು. ಐದೂ ಐವತ್ತಾರಕ್ಕೇ ಕಟ್ಟೆಗೆ ಓಡಿ ಬಂದರೆ ದೋಣಿ ನಡುನೀರಿನಲ್ಲಿತ್ತು. ಆಚೆ ದಡದಲ್ಲಿ ಚೊಚ್ಚಲ ಹೆರಿಗೆಯ ಹುಡುಗಿ ನೋವು ತಿನ್ನುತ್ತಿದ್ದಳು. ಮುಂದಿನ ದೋಣಿ ಒಂದೂವರೆ ಗಂಟೆಯ ನಂತರ. ಅಷ್ಟರಲ್ಲಿ ಪಕ್ಕದ ಮನೆಯ ಮುದುಕಿಯೊಬ್ಬರು ಜೀವ ಕೈಯಲ್ಲಿ ಹಿಡಿದುಕೊಂಡು ಹೆರಿಗೆ ಮಾಡಿಸಿದ್ದರು. ಪುಣ್ಯಕ್ಕೆ ತಾಯಿ ಮಗು ಇಬ್ಬರೂ ಉಳಿದರು.

ನರ್ಸಮ್ಮ ಅವತ್ತೇ ಕಚೇರಿಯ ಮೆಟ್ಟಿಲು ಹತ್ತಿ ಬಂದರು. ಕೂಗಾಡಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟು, “ಅಕ್ಕಾ, ಇದು ಮೂರೋ ಎಂಟೋ, ನೀವೇ ಹೇಳಿ,” ಎಂದರು.

“ನನಗೂ ಹೇಳಕ್ಕಾಗಲಿಲ್ಲ,” ಎನ್ನುವಾಗ ಬೋರ್ಡಕ್ಕನ ದನಿ ಇವತ್ತಿಗೂ ಒದ್ದೆಯಾಗುತ್ತದೆ. “ಅಷ್ಟು ವರ್ಷ ಬೋರ್ಡು ಬರೆದವಳು ನಾನು. ನಾನು ಬರೆದ ಅಂಕಿ ನನಗೇ ಓದಕ್ಕಾಗಲಿಲ್ಲ. ನೆಲ ಬಿರಿದು ನುಂಗಬಾರದೇ ಅನ್ನಿಸ್ತು.”

ಅವತ್ತಿನಿಂದ ಇವರ ಕಂಪ್ಯೂಟರಿನಲ್ಲಿ ‘ತಾಯಿ ಚಿತ್ರ’ ಎಂಬ ಕಡತವಿದೆ. ಅದನ್ನು ಯಾರೂ ತಿದ್ದುವಂತಿಲ್ಲ, ಇವರೂ ಕೂಡ. ದಿನವೂ ಅದರಿಂದ ಹೊಸ ಪ್ರತಿ, ಹೊಸ ಅಂಕಿ, ಕೊನೆಗೆ ಪಿಎನ್‌ಜಿ. ನರ್ಸಮ್ಮನ ಜತೆ ಆದ ಒಪ್ಪಂದವೂ ಅವತ್ತಿನದೇ: ಚಿತ್ರ ತೆರೆದು ಅಂಕಿ ಸ್ವಚ್ಛವಾಗಿ ಕಂಡರೆ ಒಂದು ಮಿಸ್ಡ್ ಕಾಲ್, ಕಾಣದಿದ್ದರೆ ಪೂರ್ತಿ ಕರೆ. ಆರು ವರ್ಷದಲ್ಲಿ ಪೂರ್ತಿ ಕರೆ ಒಮ್ಮೆಯೂ ಬಂದಿಲ್ಲ.

ಎರಡು ತಿಂಗಳ ಹಿಂದೆ ಹೊಸ ವೆಬ್‌ಸೈಟಿನ ಮಾತು ಬಂತು. ಹಾಕಿದ ಚಿತ್ರವನ್ನೆಲ್ಲ ಯಂತ್ರವೇ ವೆಬ್‌ಪಿ ಎಂಬ ಹೊಸ ಬಗೆಗೆ ತಿರುಗಿಸಿ, ಹಿಂಡಿ ಹಗುರ ಮಾಡುತ್ತದೆ ಎಂದು ಅದನ್ನು ಕಟ್ಟುತ್ತಿದ್ದ ಇಂಜಿನಿಯರು ವಿವರಿಸಿದರು. ಮ್ಯಾನೇಜರು ತಲೆದೂಗಿದರು. ಬೋರ್ಡಕ್ಕ ಮಾತ್ರ, “ವೆಬ್‌ಪಿ ಒಳ್ಳೇದೇ, ಫೋಟೊಗಳಿಗೆ ಹಾಕಿ. ವೇಳಾಪಟ್ಟಿನ ಹಿಂಡಬೇಡಿ,” ಎಂದು ಪಟ್ಟು ಹಿಡಿದರು. ಚಿತ್ರಕ್ಕೊಂದು ನಿಯಮ ಮಾಡುತ್ತಾ ಕೂರಲಾಗದು ಎಂದು ಇಂಜಿನಿಯರೂ ಬಿಡಲಿಲ್ಲ. ಬೋರ್ಡಕ್ಕ ವಾದ ಬೆಳೆಸಲಿಲ್ಲ. ಪ್ರಯೋಗದ ವೆಬ್‌ಸೈಟು ತಯಾರಾದ ಮರುದಿನವೇ ಇಂಜಿನಿಯರನ್ನು ಹೊರಡಿಸಿಕೊಂಡು ಕೊನೆಯ ದ್ವೀಪಕ್ಕೆ ಹೋದರು.

ಕಟ್ಟೆಯ ಮೇಲೆ ಇಂಜಿನಿಯರ ಫೋನಿನಲ್ಲಿ ಚಿತ್ರ ಕಣ್ಣು ಮಿಟುಕಿಸುವುದರೊಳಗೆ ತೆರೆಯಿತು. ಪಕ್ಕದಲ್ಲಿದ್ದ ಮೀನು ಬುಟ್ಟಿಯ ಹೆಂಗಸಿನ ಫೋನಿನಲ್ಲೂ ತೆರೆಯಿತು, ಆದರೆ ದೊಡ್ಡದು ಮಾಡಿದರೆ ಅಂಕಿಗಳ ಸುತ್ತ ಹೊಗೆ ಹಿಡಿದಿತ್ತು. ರಬ್ಬರ್ ಬ್ಯಾಂಡ್ ಸುತ್ತಿದ ನರ್ಸಮ್ಮನ ಹಳೇ ಫೋನಿಗೆ ವೆಬ್‌ಪಿಯ ಗುರುತೇ ಸಿಗಲಿಲ್ಲ. ಬರೀ ಬೂದು ಚೌಕ. ಇಂಜಿನಿಯರು ಆ ಫೋನನ್ನು ಇಸಿದುಕೊಂಡು ಪುಟವನ್ನು ಮತ್ತೆ ಮತ್ತೆ ತೆರೆದು ನೋಡಿದರು.

“ಹತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ,” ಎನ್ನುತ್ತಾರೆ ಅವರು. “ಚಿತ್ರ ತೆರೆಯೋ ಜಾಗಕ್ಕೇ ಹೋಗಿ ನಿಂತು ನೋಡಿದ್ದು ಅವತ್ತೇ ಮೊದಲು. ಬೋರ್ಡಕ್ಕ ಬೈದಿದ್ರೆ ವಾಸಿ ಇತ್ತು.”

ಈಗ ವೇಳಾಪಟ್ಟಿಗೆ ಎರಡು ಬಾಗಿಲು. ಹೊಸ ಫೋನುಗಳಿಗೆ ಒಂದು ಚುಕ್ಕೆ ಬಣ್ಣವನ್ನೂ ಬಿಸಾಡದ ವೆಬ್‌ಪಿ, ಹಳೆಯವಕ್ಕೆ ಎಂದಿನ ಪಿಎನ್‌ಜಿ. ಅಷ್ಟಾದರೂ ಇವತ್ತು ಮೊದಲ ದಿನ, ಮೊದಲ ದಿನದ ಭಯ ಎಲ್ಲಿಗೆ ಹೋಗುತ್ತದೆ?

ಐದೂ ನಲವತ್ತು. ಫೋನು ಸುಮ್ಮನಿದೆ. ನಲವತ್ತೆರಡು. ದೋಣಿಯ ಎಂಜಿನ್ ರಿಪೇರಿ ಮಾಡುವ ಗಂಡ ಚಹಾ ಹಿಡಿದು ಬಂದು ಬಾಗಿಲಲ್ಲೇ ನಿಂತಿದ್ದಾರೆ. ನಲವತ್ತನಾಲ್ಕಕ್ಕೆ ಫೋನು ಬಡಿದುಕೊಳ್ಳುತ್ತದೆ. ಒಂದು ಸಲ. ಎರಡು ಸಲ. ಮೂರು. ನಿಲ್ಲುವುದಿಲ್ಲ. ಆರು ವರ್ಷದಲ್ಲಿ ಇದೇ ಮೊದಲ ಪೂರ್ತಿ ಕರೆ. ಬೋರ್ಡಕ್ಕ ಫೋನೆತ್ತಿ ಸ್ಪೀಕರ್ ಒತ್ತುತ್ತಾರೆ.

“ಅಕ್ಕಾ, ಗಾಬರಿ ಆಗಬೇಡಿ,” ನರ್ಸಮ್ಮನ ದನಿ. “ಆರೂ ಮೂವತ್ಮೂರು. ಎರಡೂ ಮೂರು ಫಳಫಳ ಅಂತಿವೆ. ಹೊಸ ವೆಬ್‌ಸೈಟಲ್ವಾ, ಬರೀ ಮಿಸ್ಡ್ ಕಾಲ್ ಕೊಟ್ರೆ ಸಾಲದು ಅನ್ನಿಸ್ತು. ಬಾಯಿಬಿಟ್ಟು ಹೇಳೋಣ ಅಂತ ಮಾಡಿದೆ.”

ಬೋರ್ಡಕ್ಕ ಕುರ್ಚಿಗೆ ಒರಗುತ್ತಾರೆ. ಸೆರಗಿನಿಂದ ಕಣ್ಣೊರೆಸಿಕೊಂಡು, “ಹೊಟ್ಟೆ ಉರಿಸ್ತೀಯಲ್ಲೇ ನರ್ಸಮ್ಮ, ಹೆದರಿ ಸತ್ತಿದ್ದೆ ನಾನು,” ಎಂದು ಬೈದು ಫೋನಿಡುತ್ತಾರೆ. ಆಮೇಲೆ ನಗು ತಡೆಯುವುದಿಲ್ಲ.

ಗಂಡ ಚಹಾ ಮುಂದಿಟ್ಟು ಪರದೆಯನ್ನು ನೋಡುತ್ತಾರೆ. “ನಿಮ್ಮಪ್ಪ ಬೋರ್ಡಿನ ಮೂಲೇಲಿ ಹೆಸರು ಬರೀದೆ ಏಣಿ ಇಳೀತಿರಲಿಲ್ಲ. ನೀನೂ ಒಂದು ಮೂಲೇಲಿ ಹಾಕ್ಕೋಬಾರದಾ?”

ಬೋರ್ಡಕ್ಕ ಚಹಾದ ಒಂದು ಗುಟುಕು ಹೀರುತ್ತಾರೆ.

“ಹಾಕ್ಕೋಬಹುದು,” ಎನ್ನುತ್ತಾರೆ. “ಆದ್ರೆ ಹೆಸರು ಹಾಕಿದ್ರೆ ಅರ್ಧ ಕೆಬಿ ಜಾಸ್ತಿ ಆಗುತ್ತೆ. ಆ ಅರ್ಧ ಕೆಬಿ ನರ್ಸಮ್ಮನ ಫೋನಿಗೆ ಭಾರ. ಬೇಡ ಬಿಡಿ.”