ಆಯಿಲ್ ಲೈಟಿಗೆ ಕಟ್ಟಿದ ಏರ್‌ಬ್ಯಾಗ್ ಲೈಟು

ಬೆಂಗಳೂರು–ಮೈಸೂರು ನಡುವೆ ಹೊಸ ಎಕ್ಸ್‌ಪ್ರೆಸ್‌ವೇ ತೆರೆದ ಮಾರನೇ ವರ್ಷದ ಮಾತು. ರಾಮನಗರದ ಹಳೇ ಮೈಸೂರು ರಸ್ತೆಯಲ್ಲಿ ನನ್ನದೊಂದು ಆಟೋ ಎಲೆಕ್ಟ್ರಿಕಲ್ ಅಂಗಡಿ. ಆ ಹೊತ್ತಿಗೆ ಇಪ್ಪತ್ತೆಂಟು ವರ್ಷದಿಂದ ಕಾರುಗಳ ವೈರಿಂಗು, ಸೆಲ್ಫ್ ಮೋಟಾರು, ಎಲ್ಲಕ್ಕಿಂತ ಹೆಚ್ಚಾಗಿ ಸ್ಟೀರಿಯೋ ಕೂರಿಸುವ ಕೆಲಸ ಮಾಡಿಕೊಂಡಿದ್ದೆ. ಹೊಸ ರಸ್ತೆ ಆದ ಮೇಲೆ ದೂರದ ಗಾಡಿಗಳು ಊರನ್ನು ಬಳಸಿಕೊಂಡು ಹೋಗತೊಡಗಿದವು. ನಮಗೆ ಉಳಿದವರು ಸುತ್ತಮುತ್ತಲ ಹಳ್ಳಿಯವರು, ಅವರ ಹಳೇ ಕಾರುಗಳು. ಬೇರೆಯವರು ಕೈಬಿಟ್ಟ ಕೆಲಸವನ್ನೂ ನಾನು ಮಾಡಿ ತೋರಿಸುತ್ತೇನೆ ಅನ್ನುವ ಸೊಕ್ಕು ನನಗಿತ್ತು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕೈಲಾಂಚ ಕಡೆಯ ರುದ್ರಪ್ಪನವರು ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದು ನಿವೃತ್ತರಾದವರು. ಕಾಂಪೌಂಡರ್ ಆದರೂ ಊರವರಿಗೆಲ್ಲ ಅವರು ಡಾಕ್ಟ್ರೇ. ನಮ್ಮ ಅತ್ತೆ ಮನೆಯ ಹಸು ಕರು ಹಾಕಲಾರದೆ ಒದ್ದಾಡುತ್ತಿದ್ದಾಗ ಸರಿರಾತ್ರಿಯಲ್ಲಿ ಬಂದು ತಾಯಿ ಕರು ಎರಡನ್ನೂ ಉಳಿಸಿ, ಒಂದು ಲೋಟ ಕಾಫಿ ಕುಡಿದು ಹೋಗಿದ್ದರು. ಅವರ ಹತ್ತಿರ ಹದಿನೈದು ವರ್ಷ ಹಳೆಯ ಒಂದು ಕಾರಿತ್ತು. ಅದು ಬಂದ ಕಾಲಕ್ಕೆ ದೊಡ್ಡ ಕಾರು. ಕಂಪನಿಯವರೇ ಕೂರಿಸಿದ ಸಿ.ಡಿ. ಸ್ಟೀರಿಯೋ, ಸ್ಟೀರಿಂಗಿನ ಮೇಲೇ ಸೌಂಡ್ ಹೆಚ್ಚುಕಮ್ಮಿ ಮಾಡುವ ಬಟನ್ನು, ಮುಂದಿನ ಇಬ್ಬರಿಗೂ ಏರ್‌ಬ್ಯಾಗು.

ಅಕ್ಟೋಬರಿನ ಒಂದು ಶುಕ್ರವಾರ ಬೆಳಗ್ಗೆ ಆ ಕಾರು ತಂದು, ಸ್ಟೀರಿಯೋ ಕಿತ್ತು ದೊಡ್ಡ ಟಚ್‌ಸ್ಕ್ರೀನ್ ಹಾಕಿಕೊಡು ಅಂದರು. ನನಗೆ ನಗು ಬಂತು.

"ಏನ್ ಡಾಕ್ಟ್ರೇ, ಈ ವಯಸ್ನಲ್ಲಿ ಸಿನಿಮಾ ನೋಡ್ಕಂಡು ಗಾಡಿ ಓಡುಸ್ತೀರಾ?"

"ಸಿನಿಮಾನೂ ಬ್ಯಾಡ, ಹಾಡೂ ಬ್ಯಾಡ ಕಣಪ್ಪ. ಹಿಂದ್ಗಡೆ ಕ್ಯಾಮ್ರಾ ಹಾಕು, ಅದು ಕಾಣುಸ್ಬೇಕು ಅಷ್ಟೆ" ಅಂದರು. ಆಮೇಲೆ ದನಿ ತಗ್ಗಿಸಿದರು. "ಮೊನ್ನೆ ಕೊಟ್ಟಿಗೆ ತಾವ ಗಾಡಿ ಹಿಂದಕ್ ತಗೀತಿದ್ದೆ. ಪಕ್ಕದ್ಮನೆ ಕರ ಬಂದು ನಿಂತ್ಬುಟ್ಟಿತ್ತು. ಕತ್ತು ತಿರುಗಾಕಿಲ್ಲ ನಂಗೆ, ಕಾಣ್ಲಿಲ್ಲ. ಕಾಲು ಮುರ್ದೋಯ್ತು ಅದ್ರುದು. ಜೀವ್ಮಾನೆಲ್ಲ ಕರ ಎಳ್ದು ಬದುಕ್ಸಿದೋನು ನಾನು."

ಅವರ ಜೊತೆ ಹೆಂಡತಿ ಗೌರಮ್ಮನವರೂ ಬಂದಿದ್ದರು. ಆ ಕರುವಿನ ಸಂಕಟಕ್ಕೇ ಅವರು ಹರಕೆ ಹೊತ್ತಿದ್ದರು: ಶನಿವಾರ ಕೆಂಗಲ್ ಹನುಮಂತರಾಯನ ಗುಡಿ ಮುಂದೆ ಗಾಡಿ ನಿಲ್ಲಿಸಿ ಪೂಜೆ ಮಾಡಿಸುವುದು ಎಂದು. ಸಂಜೆಗೆ ಗಾಡಿ ಕೊಡುತ್ತೇನೆ ಅಂದೆ.

ಸ್ಕ್ರೀನು, ಕ್ಯಾಮರಾ ಮಧ್ಯಾಹ್ನದ ಹೊತ್ತಿಗೆ ಮುಗಿದವು. ಅಲ್ಲಿಗೇ ಕೈ ತೊಳೆದುಕೊಂಡಿದ್ದರೆ ಈ ಬರಹ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ. ಆದರೆ ಸ್ಟೀರಿಂಗಿನ ಬಟನ್ನುಗಳು ಹೊಸ ಸ್ಕ್ರೀನಿಗೆ ಕೆಲಸ ಮಾಡುತ್ತಿರಲಿಲ್ಲ. ರುದ್ರಪ್ಪನವರು ಅದನ್ನು ಕೇಳಿಯೂ ಇರಲಿಲ್ಲ. ಹಳೇ ಕಾರಿನ ಬಟನ್ನಿಗೂ ಜೀವ ಕೊಟ್ಟ ಅಂತ ನಾಲ್ಕು ಜನ ಅನ್ನಲಿ ಎಂದು ನಾನೇ ಸ್ಟೀರಿಂಗಿಗೆ ಕೈ ಹಾಕಿದೆ.

ಸ್ಟೀರಿಂಗಿನ ನಡುವೆ ಹಾರ್ನ್ ಒತ್ತುವ ಜಾಗವಿದೆಯಲ್ಲ, ಅದರೊಳಗೇ ಏರ್‌ಬ್ಯಾಗು ಮಡಚಿ ಕೂತಿರುತ್ತದೆ. ಅದಕ್ಕೆ ಹೋಗುವ ಕನೆಕ್ಟರು ಯಾವಾಗಲೂ ಹಳದಿ ಬಣ್ಣದ್ದು, ಹುಷಾರು ಅನ್ನುವುದಕ್ಕೆ. ಬ್ಯಾಟರಿ ಕಳಚಿ, ಸ್ವಲ್ಪ ಹೊತ್ತು ಕಾದು, ಆಮೇಲೇ ಅದನ್ನು ಮುಟ್ಟಬೇಕು. ಅದು ಬಿಚ್ಚಿರುವಾಗ ಕೀ ತಿರುಗಿಸಲೇಬಾರದು. ತಿರುಗಿಸಿದರೆ ಏರ್‌ಬ್ಯಾಗಿನ ಕಂಪ್ಯೂಟರು ಬ್ಯಾಗು ಇಲ್ಲ ಎಂದು ಬರೆದಿಟ್ಟುಕೊಂಡು ಮೀಟರಿನಲ್ಲಿ ಕೆಂಪು ಲೈಟು ಹಚ್ಚುತ್ತದೆ. ಆಮೇಲೆ ಸ್ಕ್ಯಾನರ್ ಹಾಕಿ ಅಳಿಸುವ ತನಕ ಅದು ಆರುವುದಿಲ್ಲ. ಇದೆಲ್ಲ ನನಗೆ ಬಾಯಿಪಾಠ. ಆದರೂ ಬಟನ್ನು ಕೆಲಸ ಮಾಡುತ್ತದೋ ನೋಡಿಬಿಡೋಣ ಎಂದು ಹಳದಿ ಕನೆಕ್ಟರು ಬಿಚ್ಚಿರುವಾಗಲೇ ಬ್ಯಾಟರಿ ಕೊಟ್ಟು ಕೀ ತಿರುಗಿಸಿದೆ. ಬಟನ್ನು ಕೆಲಸ ಮಾಡಿತು. ಕೆಂಪು ಲೈಟೂ ಹತ್ತಿತು.

ವಾಪಸ್ ಕೂರಿಸುವಾಗ ಇನ್ನೊಂದು ಆಯಿತು. ಹದಿನೈದು ವರ್ಷ ಬಿಸಿಲು ತಿಂದ ಪ್ಲಾಸ್ಟಿಕ್ಕು, ಹಳದಿ ಕನೆಕ್ಟರಿನ ಲಾಕು ಪಟ್ ಅಂತ ಮುರಿದು ಕೈಗೆ ಬಂತು. ಬೆರಳಲ್ಲಿ ಒತ್ತಿ ಕೂರಿಸಿ ಮುಚ್ಚಿದೆ. ಲೈಟು ಉರಿಯುತ್ತಲೇ ಇತ್ತು. ಕಂಪ್ಯೂಟರಿನಲ್ಲಿ ಹಳೇ ತಪ್ಪು ಉಳಿದಿರುವುದಕ್ಕೆ ಉರಿಯುತ್ತಿರಬಹುದು, ಕನೆಕ್ಟರು ನಿಜವಾಗಿ ಕೂರದೆಯೂ ಉರಿಯುತ್ತಿರಬಹುದು. ಮೊದಲನೆಯದೇ ಎಂದು ನನಗೆ ನಾನೇ ಹೇಳಿಕೊಂಡೆ. ಸ್ಕ್ಯಾನರ್ ಇದ್ದದ್ದು ಬಿಡದಿಯ ಗೆಳೆಯನ ಹತ್ತಿರ, ಅವನು ಆ ದಿನ ಊರಲ್ಲಿರಲಿಲ್ಲ.

ಸಂಜೆ ಐದಕ್ಕೆ ಗಂಡ ಹೆಂಡತಿ ಬಂದರು. ಗೌರಮ್ಮನವರ ಕಣ್ಣು ಮೊದಲು ಹೋದದ್ದೇ ಆ ಕೆಂಪು ಲೈಟಿಗೆ.

"ಇದೇನಪ್ಪ ಇದು, ಕೆಂಪ್ಗೆ ಉರೀತಾ ಐತೆ? ನಾಳೆ ದೇವ್ರ ಮುಂದೆ ಇಂಥ ಗಾಡಿ ನಿಲ್ಸಾದಾ?"

"ಅರ್ಧ ಗಂಟೆ ಕೊಡಿ, ಆರುಸ್ತೀನಿ" ಅಂದೆ.

ಆರಿಸುವುದಕ್ಕೆ ನಮ್ಮ ಕಸುಬಿನಲ್ಲಿ ಒಂದು ಕಳ್ಳದಾರಿ ಇದೆ. ಮೀಟರು ಬಿಚ್ಚಿ, ಏರ್‌ಬ್ಯಾಗ್ ಲೈಟನ್ನು ಅದರ ಕಂಪ್ಯೂಟರಿನಿಂದ ಕಡಿದು, ಪಕ್ಕದ ಇಂಜಿನ್ ಆಯಿಲ್ ಲೈಟಿಗೆ ಸೇರಿಸಿಬಿಡುವುದು. ಕೀ ತಿರುಗಿಸಿದರೆ ಎರಡೂ ಹತ್ತುತ್ತವೆ, ಇಂಜಿನ್ ಸ್ಟಾರ್ಟ್ ಆದರೆ ಎರಡೂ ಆರುತ್ತವೆ. ನೋಡಿದವರಿಗೆ ಎಲ್ಲ ಸರಿಯಿದೆ ಅನ್ನಿಸುತ್ತದೆ. ಹಳೇ ಕಾರು ಮಾರುವವರಿಗಾಗಿ ಈ ಕೆಲಸವನ್ನು ನಾನು ಮೊದಲೂ ಮಾಡಿಕೊಟ್ಟಿದ್ದೆ. ಸುಳ್ಳು ಯಾಕೆ ಹೇಳಲಿ, ಆವತ್ತೂ ಎರಡನೇ ಯೋಚನೆ ಇಲ್ಲದೆ ಅದನ್ನೇ ಮಾಡಿದೆ.

ರುದ್ರಪ್ಪನವರು ಕೂತು ಕೀ ತಿರುಗಿಸಿದರು. ಥರ್ಮಾಮೀಟರು ನೋಡುವವರ ಹಾಗೆ ಕನ್ನಡಕ ಮೇಲೆತ್ತಿ ಮೀಟರನ್ನೇ ನೋಡಿದರು. ಇಂಜಿನ್ ಹತ್ತಿತು. "ಎಲ್ಲಾ ಆರ್ತು, ನಡಿ ಗೌರಿ" ಅಂದರು.

"ಸೋಮವಾರ ಒಂದ್ಸಲ ಬಂದೋಗಿ ಡಾಕ್ಟ್ರೇ, ಒಸಿ ಕೆಲ್ಸ ಉಳ್ಕಂಡೈತೆ" ಅಂದೆ. ಏನು ಕೆಲಸ ಎಂದು ಹೇಳಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಒಂದು ಮಾತು ಎಸೆದು ಕಳಿಸಿದೆ.

ಅವರು ಮಾತಿಗೆ ತಪ್ಪದ ಮನುಷ್ಯ, ಸೋಮವಾರ ಬಂದರು. ಅಂಗಡಿ ಮುಂದೆ ಆಯುಧಪೂಜೆಯ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಬಿಡದಿಯ ಗೆಳೆಯನಿಗೆ ನಾನು ಫೋನು ಕೂಡ ಮಾಡಿರಲಿಲ್ಲ. "ಓಡ್ತಾ ಐತಲ್ಲ ಡಾಕ್ಟ್ರೇ? ಓಡ್ಸಿ, ಹಬ್ಬ ಕಳೀಲಿ, ನಾನೇ ಫೋನ್ ಮಾಡ್ತೀನಿ" ಅಂದೆ. ಅವರು ಸ್ಕ್ರೀನಿನಲ್ಲಿ ಹಿಂದೆ ನೋಡಿಕೊಂಡು, ಆ ಗಾಡಿಗಳ ನಡುವಿಂದ ಒಂದಕ್ಕೂ ಕೂದಲಷ್ಟೂ ತಾಗದ ಹಾಗೆ ಹಿಂದಕ್ಕೆ ತೆಗೆದು, ನನಗೆ ಕೈ ಎತ್ತಿ ಹೋದರು. ಹಬ್ಬ ಕಳೆಯಿತು. ನಾನು ಫೋನ್ ಮಾಡಲಿಲ್ಲ.

ಜನವರಿಯಲ್ಲಿ ನಮ್ಮ ಕಡೆ ಬೆಳಗಿನ ಮಂಜು ಎಂಟು ಗಂಟೆಯಾದರೂ ಬಿಡುವುದಿಲ್ಲ. ಅಂಥ ಒಂದು ಬೆಳಗ್ಗೆ ರುದ್ರಪ್ಪನವರು ಚನ್ನಪಟ್ಟಣದ ಕಡೆ ಹೋಗುತ್ತಿದ್ದಾಗ, ಕೆಂಗಲ್ ದಾಟಿದ ಮೇಲೆ ಹಳೇ ರಸ್ತೆಯಲ್ಲಿ ಕೆಟ್ಟು ನಿಂತಿದ್ದ ಟ್ರಾಕ್ಟರ್ ಟ್ರೈಲರಿಗೆ ಹಿಂದಿನಿಂದ ಗುದ್ದಿದರು. ಬೆಲ್ಟ್ ಹಾಕಿದ್ದರು. ಎದೆ ಸ್ಟೀರಿಂಗಿಗೆ ಬಡಿದಿತ್ತು. ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟರು. ಸುದ್ದಿ ತಂದವರು, ಏರ್‌ಬ್ಯಾಗ್ ತೆರೆಯಲೇ ಇಲ್ಲವಂತೆ ಅಂದರು. ನಾನು ಕೈಯಲ್ಲಿದ್ದ ಸೋಲ್ಡರ್ ಕಡ್ಡಿಯನ್ನು ಕೆಳಗಿಟ್ಟು ಅಂಗಡಿಯ ಒಳಗೆ ಹೋಗಿ ಕೂತೆ. ಮಣ್ಣಿಗೆ ಹೋಗಿ ಎಲ್ಲರ ಹಿಂದೆ ನಿಂತು, ಯಾರ ಮುಖವನ್ನೂ ನೋಡದೆ ಬಂದೆ.

ಹನ್ನೊಂದನೇ ದಿನದ ಶಿವಗಣಾರಾಧನೆ ಮುಗಿದ ಮೇಲೆ ಅವರ ಮಗ ಪ್ರಕಾಶ ಅಂಗಡಿಗೆ ಬಂದ. ರಾಮನಗರದಲ್ಲೇ ಪಶು ಆಹಾರದ ಅಂಗಡಿ ಇಟ್ಟುಕೊಂಡಿರುವವನು, ಮೆತ್ತಗಿನ ಮನುಷ್ಯ. ಆ ದಿನ ಕಣ್ಣು ಕೆಂಡವಾಗಿತ್ತು.

"ನಾಗಣ್ಣ, ಕಾರ್ ಕಂಪ್ನಿ ಮೇಲೆ ಕೇಸ್ ಹಾಕ್ತಾ ಇದೀನಿ. ಏರ್‌ಬ್ಯಾಗ್ ಕೊಟ್ಟಿದೀವಿ ಅಂದೋರು ಯಾಕ್ ತೆರೀಲಿಲ್ಲ ಹೇಳ್ಲಿ. ಕೊನೇಗೆ ಗಾಡಿ ಕೆಲ್ಸ ಮಾಡಿದ್ದು ನೀವು. ವೈರಿಂಗ್ ಎಲ್ಲಾ ಸರಿ ಇತ್ತು ಅಂತ ಒಂದು ಲೆಟ್ರು ಬರ್ಕೊಡಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನು ನನ್ನನ್ನು ಕಳ್ಳ ಎಂದೂ ಅಂದಿರಲಿಲ್ಲ, ಆದರೂ ನನ್ನ ಕೈ ತಾನಾಗಿ ಸ್ಕ್ರೂಡ್ರೈವರಿನ ಮೇಲೆ ಹೋಗಿ ಅದನ್ನು ಡಬ್ಬಿಯೊಳಗೆ ಹಾಕಿತು. "ಗಾಡಿ ನೋಡದೆ ಹೆಂಗ್ ಬರ್ಕೊಡ್ಲಿ ಪ್ರಕಾಶ?" ಅಂದೆ. ಅದು ಪ್ರಾಮಾಣಿಕತೆಯಲ್ಲ, ತಪ್ಪಿಸಿಕೊಳ್ಳುವ ಮಾತು. ಅವನು ಮಾರನೇ ದಿನವೇ ಪೊಲೀಸ್ ಸ್ಟೇಷನ್ನಿನಲ್ಲಿ ಕೇಳಿಕೊಂಡು ನನ್ನನ್ನು ಕರೆದುಕೊಂಡು ಹೋದ.

ಕಾರು ಸ್ಟೇಷನ್ನಿನ ಹಿಂದಿನ ಬಯಲಿನಲ್ಲಿತ್ತು. ಮುಂಭಾಗ ಅಪ್ಪಚ್ಚಿ. ಪ್ರಕಾಶ ಗೇಟಿನ ಹತ್ತಿರ ಪೇದೆಯೊಂದಿಗೆ ಮಾತಾಡುತ್ತಿದ್ದ. ಸ್ಟೀರಿಂಗಿನ ನಡುವಿನ ಪ್ಯಾಡು ಒಂದು ಬದಿಯಲ್ಲಿ ಬಿರಿದಿತ್ತು. ಟಾರ್ಚ್ ಬಿಟ್ಟು ನೋಡಿದೆ. ಹಳದಿ ಕನೆಕ್ಟರು ಅರ್ಧ ಹೊರಗೆ ಬಂದು ನಿಂತಿತ್ತು. ಗುದ್ದಿದ ಹೊಡೆತಕ್ಕೆ ಹೊರಬಂತೋ, ನಾನು ಒತ್ತಿದ ದಿನದಿಂದಲೂ ಹಾಗೇ ಇತ್ತೋ, ಯಾರು ಹೇಳಬೇಕು? ಹೇಳಬೇಕಾಗಿದ್ದದ್ದು ಆ ಕೆಂಪು ಲೈಟು. ಅದರ ಬಾಯಿ ಕಟ್ಟಿದವನು ನಾನೇ.

ಬಿರುಕಿನಲ್ಲಿ ಒಂದು ಬೆರಳು ಹೋಗುವಷ್ಟು ಜಾಗವಿತ್ತು. ಒತ್ತಿದರೆ ಕನೆಕ್ಟರು ಸರಿಯಾಗಿ ಕೂರುತ್ತಿತ್ತು, ಲೆಟರಿಗೆ ಸಹಿ ಹಾಕಬಹುದಿತ್ತು, ಕಂಪನಿಯವರು ತಲೆ ಕೆಡಿಸಿಕೊಳ್ಳುತ್ತಿದ್ದರು. ಬೆರಳು ಬಿರುಕಿನ ತನಕ ಹೋಗಿತ್ತು, ಅದನ್ನೂ ಬರೆದುಬಿಡುತ್ತೇನೆ. ಆಗ ಕಣ್ಣಿಗೆ ಬಿದ್ದದ್ದು ನಾನು ಕೂರಿಸಿದ ಸ್ಕ್ರೀನು. ಮುಂದಿನ ಗಾಜು ಪುಡಿಯಾಗಿದ್ದರೂ ಅದರ ಮೇಲೆ ಒಂದು ಗೆರೆ ಬಿದ್ದಿರಲಿಲ್ಲ. ಕರುವಿನ ಕಾಲು ಇನ್ನೊಮ್ಮೆ ಮುರಿಯಬಾರದು ಎಂದು ಹಾಕಿಸಿಕೊಂಡದ್ದು. ಕೈ ಹಿಂದಕ್ಕೆ ತೆಗೆದೆ.

ಆದರೂ ಬಾಯಿ ಬಿಡಲು ಮೂರು ದಿನ ಬೇಕಾಯಿತು. ಅಂಗಡಿ ಹೋಗುತ್ತದೆ, ಮಾನ ಹೋಗುತ್ತದೆ, ಜೈಲೂ ಆಗಬಹುದು ಎಂದೆಲ್ಲ ಲೆಕ್ಕ ಹಾಕಿದೆ. ನಾಲ್ಕನೇ ದಿನ ಬೆಳಗ್ಗೆ ಅವರ ಮನೆಗೆ ಹೋದೆ. ಗೌರಮ್ಮನವರು ಜಗಲಿಯಲ್ಲಿ ಕೂತಿದ್ದರು, ಪ್ರಕಾಶ ಕಂಬಕ್ಕೆ ಒರಗಿ ನಿಂತಿದ್ದ. ಬಟನ್ನಿನಿಂದ ಹಿಡಿದು ಕನೆಕ್ಟರಿನ ತನಕ ಒಂದೂ ಬಿಡದೆ ಹೇಳಿದೆ.

ಪ್ರಕಾಶ ಕೇಳಿದ್ದು ಒಂದೇ ಮಾತು. "ಬ್ಯಾಗ್ ತೆರ್ದಿದ್ರೆ ನಮ್ಮಪ್ಪ ಉಳೀತಿದ್ನಾ?"

"ಗೊತ್ತಿಲ್ಲ ಕಣಪ್ಪ."

"ಇದನ್ನೇ ಬರ್ಕೊಡಿ" ಅಂದವನು ಕೊಟ್ಟಿಗೆಯ ಕಡೆ ಹೋದ. ನಾನಿರುವ ತನಕ ಈಚೆಗೆ ಬರಲಿಲ್ಲ.

ಗೌರಮ್ಮನವರು ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಅವರು ಕೇಳಿದ್ದು ಇಷ್ಟು: "ಲೈಟು ಸುಳ್ಳು ಹೇಳ್ತಾ ಐತೆ ಅಂತ ಗಾಡಿ ಓಡ್ಸೋರಿಗೆ ಗೊತ್ತಾಯ್ತಿರ್ಲಿಲ್ವಾ?"

ಗೊತ್ತಾಗುತ್ತಿತ್ತು ಎಂದು ವಿವರಿಸಿದೆ. ಕೀ ತಿರುಗಿಸಿ, ಇಂಜಿನ್ ಸ್ಟಾರ್ಟ್ ಮಾಡದೆ ಸುಮ್ಮನೆ ಕೂರಬೇಕು. ಸರಿಯಿರುವ ಏರ್‌ಬ್ಯಾಗ್ ಲೈಟು ಹತ್ತು ಎಣಿಸುವಷ್ಟರಲ್ಲಿ ತಾನಾಗಿ ಆರುತ್ತದೆ. ಆಯಿಲ್ ಲೈಟು ಇಂಜಿನ್ ಹತ್ತುವ ತನಕ ಉರಿಯುತ್ತಲೇ ಇರುತ್ತದೆ. ಎರಡೂ ಒಟ್ಟಿಗೆ ಆರಿದರೆ ಯಾರೋ ಕೈ ಆಡಿಸಿದ್ದಾರೆ ಎಂದರ್ಥ.

"ಇಷ್ಟೇಯಾ?" ಅಂದರು. "ದಿನಾ ಬೆಳಗ್ಗೆ ನೋಡೋರು ಕಣಪ್ಪ ಅವ್ರು. ಲೈಟೆಲ್ಲ ಆರೋಗಂಟ ಗಾಡಿ ಅಲ್ಲಾಡುಸ್ತಿರ್ಲಿಲ್ಲ. ಆವತ್ತೂ ನೋಡವ್ರೆ. ಎಲ್ಲಾ ಆರ್ತು ಕಣೆ, ಬತ್ತೀನಿ ಅಂದ್ಬುಟ್ಟೇ ಹೋಗಿದ್ದು."

ನಾನು ಬರೆದುಕೊಟ್ಟೆ, ಸ್ಟೇಷನ್ನಿಗೂ ಹೋಗಿ ಹೇಳಿಕೆ ಕೊಟ್ಟೆ. ಪ್ರಕಾಶ ಕಂಪನಿಯ ಮೇಲೆ ಕೇಸು ಹಾಕಲಿಲ್ಲ. ನನ್ನ ಮೇಲಿನ ವಿಚಾರಣೆ ಇನ್ನೂ ನಡೆಯುತ್ತಿರುವುದರಿಂದ ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಗಿರಾಕಿಗಳು ಅರ್ಧಕ್ಕರ್ಧ ಕಡಿಮೆಯಾದರು, ಅದು ನ್ಯಾಯವೇ. ಆ ಕಳ್ಳದಾರಿಯಲ್ಲಿ ಹಿಂದೆ ಮಾಡಿಕೊಟ್ಟ ಕಾರುಗಳಲ್ಲಿ ಐದನ್ನು ಹುಡುಕಿ ಸರಿಮಾಡಿದೆ. ಇನ್ನೂ ಕೆಲವು ಯಾರ್ಯಾರ ಕೈ ಸೇರಿವೆಯೋ, ಎಲ್ಲಿ ಓಡುತ್ತಿವೆಯೋ ತಿಳಿಯದು. ಬೆಳಗ್ಗೆ ಮಂಜು ಕವಿದರೆ ನೆನಪಾಗುವುದು ಅವೇ.

ಈಗಲೂ ಸ್ಟೀರಿಯೋ ಕೂರಿಸುತ್ತೇನೆ. ಸ್ಟೀರಿಂಗಿಗೆ ಕೈ ಹಾಕುವುದಿಲ್ಲ. ಗಾಡಿ ಕೊಡುವ ಮೊದಲು ಮಾಲೀಕರನ್ನು ಸೀಟಿನಲ್ಲಿ ಕೂರಿಸಿ, ಕೀ ತಿರುಗಿಸಿ, ಸ್ಟಾರ್ಟ್ ಮಾಡಬೇಡಿ ಎಂದು ಹೇಳಿ, ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಒಂದರಿಂದ ಹತ್ತು ಎಣಿಸುತ್ತೇನೆ. "ಏನ್ ನಾಗಣ್ಣ, ಮಗ್ಗಿ ಹೇಳ್ತಾ ಇದ್ದೀರಾ?" ಎಂದು ನಗುವವರಿದ್ದಾರೆ. ನಗಲಿ. ಲೈಟು ತಾನಾಗಿ ಆರದಿದ್ದರೆ ಗಾಡಿ ತೆಗೆಯಬೇಡಿ, ಯಾರು ಆರಿಸಿಕೊಡುತ್ತೇನೆ ಅಂದರೂ ಒಪ್ಪಬೇಡಿ, ಯಾಕೆ ಉರಿಯುತ್ತಿದೆ ಎಂದು ಕೇಳಿ ಅನ್ನುತ್ತೇನೆ. ಇಷ್ಟು ಹೇಳುವುದಕ್ಕೆ ಅರ್ಧ ನಿಮಿಷ ಹಿಡಿಯುತ್ತದೆ. ಆ ಸೋಮವಾರ ರುದ್ರಪ್ಪನವರು ಅದನ್ನು ಕೇಳುವುದಕ್ಕೆಂದೇ ನನ್ನ ಅಂಗಡಿಯ ಮುಂದೆ ಬಂದು ನಿಂತಿದ್ದರು.